ಲಂಡನ್ ರೇಟ್ ಬೋರ್ಡಿನಲ್ಲಿ ಮುಂದಿನ ತಿಂಗಳು ಕಡಿಮೆ ತೋರಿಸಿದರೆ ಕಾಫಿ ಇಳಿಯುತ್ತೆ ಅಂತಲೇ ಅರ್ಥವಾ?

ಹಾನುಬಾಳು_ರೊಬಸ್ಟಾ:

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆಯವನು ನಾನು. 8 ಎಕರೆ ರೊಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸು, ಅಷ್ಟೇ. ಈ ಸಲದ ಕೊಯ್ಲು ಶುರುವಾಗಿದೆ. ಕಣದಲ್ಲಿ ಕಾಫಿ ಹರಡಿದಾಗಲೆಲ್ಲ ಕಳೆದ ಸಲದ್ದು ನೆನಪಾಗಿ ಹೊಟ್ಟೆ ಉರಿಯುತ್ತದೆ. ಅದಕ್ಕೇ ಕೇಳುತ್ತಿದ್ದೇನೆ.

2025ರ ಫೆಬ್ರವರಿಯಲ್ಲಿ ಲಂಡನ್ ಎಕ್ಸ್‌ಚೇಂಜಿನಲ್ಲಿ ರೊಬಸ್ಟಾ ಟನ್ನಿಗೆ 5,700 ಡಾಲರ್ ದಾಟಿತ್ತು. ನಮ್ಮ ವ್ಯಾಪಾರಿ ಚೆರ್ರಿಗೆ ಓಟಿಗೆ 440 ರೂಪಾಯಿ ಹೇಳಿದ. ನಂದು 26 ಓಟಿ ಬರುವ ಕಾಫಿ, ಹಾಗಾಗಿ 50 ಕೆಜಿ ಚೀಲಕ್ಕೆ 11,440. ನಮ್ಮಪ್ಪ ಜೀವನದಲ್ಲಿ ಆ ರೇಟ್ ನೋಡಿರಲಿಲ್ಲ. 50 ಚೀಲ ಕೊಟ್ಟೆ, 70 ಚೀಲ ಇಟ್ಟುಕೊಂಡೆ. ಲಂಡನ್ 6,000 ಆಗೇ ಆಗುತ್ತದೆ ಅಂತ ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ವಾಟ್ಸಾಪ್‌ನಲ್ಲಿ ಎಲ್ಲ ಕಡೆ ಇದೇ ಮಾತು. ಆಗಲಿಲ್ಲ. ಜುಲೈ ಹೊತ್ತಿಗೆ ಲಂಡನ್ 3,500ಕ್ಕಿಂತ ಕೆಳಗೆ ಬಂತು. ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು, ಓಟಿಗೆ 300ರಂತೆ ಮಾರಿದೆ. ಅದೂ ಮಳೆಗಾಲದಲ್ಲಿ ಸ್ಟೋರಿನಲ್ಲಿ ಕೂತು ಕೂತು, ಸ್ಯಾಂಪಲ್ ಹೊಡೆಸಿದಾಗ 25 ಓಟಿಯೇ ಬಂತು. ಚೀಲಕ್ಕೆ 7,500. ಆಗಸ್ಟ್ ಕೊನೆಯಲ್ಲಿ ಲಂಡನ್ ಮತ್ತೆ 4,500 ದಾಟಿದಾಗ ನನ್ನ ಹತ್ತಿರ ಒಂದು ಕಾಳೂ ಇರಲಿಲ್ಲ.

ಈಗ ಪ್ರಶ್ನೆ. ಆ ಫೆಬ್ರವರಿಯಲ್ಲೇ ವ್ಯಾಪಾರಿ ತನ್ನ ಫೋನ್ ತೋರಿಸಿದ್ದ. ಮುಂದಿನ ಒಂದೊಂದು ತಿಂಗಳಲ್ಲಿ ಕೊಡುವ ಕಾಫಿಗೆ ಲಂಡನ್ನಿನಲ್ಲಿ ಈಗಲೇ ಹೇಳುವ ರೇಟ್ ಅದು. ಮಾರ್ಚ್ ರೇಟ್ ಜಾಸ್ತಿ, ಮೇ ಅದಕ್ಕಿಂತ ಕಡಿಮೆ, ಜುಲೈ ಇನ್ನೂ ಕಡಿಮೆ, ಸೆಪ್ಟೆಂಬರ್, ನವೆಂಬರ್ ಹೀಗೆ ಮೆಟ್ಟಿಲು ಇಳಿದ ಹಾಗೆ. ಅಂದರೆ ಬೆಲೆ ಇಳಿಯುತ್ತೆ ಅಂತ ಮಾರ್ಕೆಟ್ಟೇ ಬಾಯಿಬಿಟ್ಟು ಹೇಳುತ್ತಿತ್ತಾ? ನನಗೆ ಓದಲು ಬರಲಿಲ್ಲ ಅಷ್ಟೇನಾ?

ಇನ್ನೊಂದು. ಬ್ರೆಜಿಲಿನಲ್ಲಿ ಮಳೆ ಇಲ್ಲ, ಬಿಸಿಲಿಲ್ಲ, ಏನೂ ಸುದ್ದಿ ಇಲ್ಲದ ದಿನವೂ ಲಂಡನ್ 200 ಡಾಲರ್ ಮೇಲೆ ಕೆಳಗೆ ಆಡುತ್ತದಲ್ಲ, ಅದು ಯಾಕೆ?

ಕೊನೆಯದು. ಬೆಂಗಳೂರಲ್ಲಿರುವ ನನ್ನ ಅಕ್ಕನ ಮಗ ನಿಫ್ಟಿ ಆಪ್ಷನ್ ಆಡುತ್ತಾನೆ. "ಮಾವ, ಕಾಫಿ ಇಟ್ಟುಕೊಂಡು ಒಂದು ಪುಟ್ ತಗೊಂಡಿದ್ರೆ ಆರಾಮಾಗಿ ನಿದ್ದೆ ಮಾಡಬಹುದಿತ್ತು" ಅನ್ನುತ್ತಾನೆ. ಪುಟ್ ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಗೆ ಮಾರುವ ಹಕ್ಕಂತೆ. ನಮ್ಮಂಥವರಿಗೆ ಅದು ಆಗುವ ಕೆಲಸವಾ?

ಬಂದರು_ಗುಮಾಸ್ತ:

ನಾನು ಮಂಗಳೂರಿನಲ್ಲಿ ಒಂದು ಕಾಫಿ ರಫ್ತು ಆಫೀಸಿನಲ್ಲಿ ಇದ್ದೇನೆ. ಮಧ್ಯಾಹ್ನ ಊಟ ಮುಗಿಸಿ ಲಂಡನ್ ತೆರೆಯುವುದನ್ನೇ ಕಾಯುವ ಕೆಲಸ. ನಿಮ್ಮ ಮೊದಲ ಪ್ರಶ್ನೆಗೆ ಹೇಳುತ್ತೇನೆ, ಯಾಕೆಂದರೆ ಇದನ್ನು ನಮ್ಮ ಆಫೀಸಿಗೆ ಬರುವ ದೊಡ್ಡ ದೊಡ್ಡ ಎಸ್ಟೇಟಿನವರೂ ತಪ್ಪಾಗಿಯೇ ಓದುತ್ತಾರೆ.

ಆ ಮೆಟ್ಟಿಲು ಜ್ಯೋತಿಷ್ಯ ಅಲ್ಲ ಸರ್. ಮದುವೆ ಮನೆಯಲ್ಲಿ ಅಡುಗೆ ನಡೆಯುತ್ತಿರುವಾಗ ಗ್ಯಾಸ್ ಖಾಲಿ ಆಯಿತು ಅಂದುಕೊಳ್ಳಿ. ಏಜೆನ್ಸಿಯವನು ಗುರುವಾರ ತರುತ್ತೇನೆ ಅನ್ನುತ್ತಾನೆ. ಪಕ್ಕದ ಮನೆಯವನು ಈಗಲೇ ಕೊಡುತ್ತೇನೆ, 500 ಜಾಸ್ತಿ ಕೊಡಿ ಅನ್ನುತ್ತಾನೆ. ನೀವು ಕೊಡುತ್ತೀರಿ. ಆ 500 "ಈಗಲೇ ಬೇಕು" ಅನ್ನುವುದರ ಬೆಲೆ. ಗುರುವಾರ ಸಿಲಿಂಡರ್ ರೇಟ್ ಬೀಳುತ್ತದೆ ಅಂತ ಪಕ್ಕದ ಮನೆಯವನು ಹೇಳಿದ ಹಾಗಾಯಿತಾ? ಗುರುವಾರ ಇನ್ನೊಂದು ಮನೆಯಲ್ಲಿ ಮದುವೆ ಇದ್ದರೆ ಅವತ್ತೂ 500 ಜಾಸ್ತಿಯೇ.

2024ರಲ್ಲಿ, 2025ರ ಶುರುವಿನಲ್ಲಿ ರೊಬಸ್ಟಾ ಕಥೆ ಇದೇ. ವಿಯೆಟ್ನಾಂನಲ್ಲಿ ಬರ, ಅಲ್ಲಿನ ರೈತರು ಬೆಲೆ ಏರುವುದನ್ನು ನೋಡಿ ಮಾಲು ಹಿಡಿದುಕೊಂಡರು, ಯೂರೋಪಿನ ರೋಸ್ಟರ್‌ಗಳ, ಅಂದರೆ ಕಾಫಿ ಹುರಿಯುವ ಕಂಪನಿಗಳ ಹತ್ತಿರ ಸ್ಟಾಕ್ ಕಡಿಮೆ. ಅವರಿಗೆ ಕಾಫಿ ಬೇಕಿದ್ದದ್ದು ಆಗಲೇ. ನವೆಂಬರ್‌ಗೆ ಕೊಡುತ್ತೇನೆ ಅನ್ನುವವನ ಕಾಗದದಿಂದ ಮಾರ್ಚ್‌ನಲ್ಲಿ ರೋಸ್ಟಿಂಗ್ ಮೆಷಿನ್ ಓಡಲ್ಲ. ಹಾಗಾಗಿ ಹತ್ತಿರದ ತಿಂಗಳು ದುಬಾರಿ, ದೂರದ್ದು ಅಗ್ಗ.

ಇದನ್ನೇ ಭವಿಷ್ಯ ಅಂತ ನಂಬಿದವರ ಗತಿ ಕೇಳಿ. 2024ರ ಜನವರಿಯಲ್ಲಿ ಲಂಡನ್ 3,000 ಆಸುಪಾಸು ಇತ್ತು. ಆಗಲೂ ಮೆಟ್ಟಿಲು ಹೀಗೇ ಕೆಳಮುಖ. "ಬೋರ್ಡೇ ಹೇಳುತ್ತಿದೆ, ಇಳಿಯುತ್ತೆ" ಅಂತ ಪೂರ್ತಿ ಮಾಲು ಕೊಟ್ಟು ಕೈ ತೊಳೆದುಕೊಂಡವರು ಸುಮಾರು ಜನ. ಸೆಪ್ಟೆಂಬರ್‌ಗೆ 5,000 ದಾಟಿತು. ಅದೇ ಮೆಟ್ಟಿಲು ಒಂದು ವರ್ಷ ಸುಳ್ಳಾಯಿತು, ಮುಂದಿನ ವರ್ಷ ನಿಜವಾಯಿತು. ಅಂಥದ್ದನ್ನು ಭವಿಷ್ಯ ಅನ್ನುತ್ತೀರಾ?

ಆದರೆ ಅದು ಏನೂ ಹೇಳುವುದಿಲ್ಲ ಅಂತಲ್ಲ. ನಿಮಗೆ ಬೇಕಾಗಿದ್ದ ಒಂದು ಮಾತನ್ನು ಅದು ಹೇಳಿತ್ತು. ಕಾಫಿ ಇಟ್ಟುಕೊಳ್ಳುವುದಕ್ಕೆ ಖರ್ಚಿದೆ: ಬಡ್ಡಿ, ಗೋದಾಮು ಬಾಡಿಗೆ, ವಿಮೆ, ತೂಕ ಕಳೆಯುವುದು, ನಿಮಗೆ ಹೋಯಿತಲ್ಲ ಆ ಒಂದು ಓಟಿ. ದೂರದ ತಿಂಗಳು ಹತ್ತಿರದ್ದಕ್ಕಿಂತ ಜಾಸ್ತಿ ಇದ್ದರೆ ಮಾರ್ಕೆಟ್ ಆ ಖರ್ಚನ್ನು ಭರಿಸುತ್ತಿದೆ, "ಇಟ್ಟುಕೋ, ಬಾಡಿಗೆ ನಾನು ಕೊಡುತ್ತೇನೆ" ಅನ್ನುತ್ತಿದೆ ಅಂತ. ಮೆಟ್ಟಿಲು ಕೆಳಗೆ ಇಳಿದಿದ್ದರೆ ಉಲ್ಟಾ. ಬಾಡಿಗೆ ಕೊಡುವುದಿರಲಿ, ಇಟ್ಟುಕೊಂಡವನಿಗೆ ದಂಡ. ಬೆಲೆ ಇಳಿಯುತ್ತೋ ಏರುತ್ತೋ ಅದಕ್ಕೆ ಗೊತ್ತಿರಲಿಲ್ಲ. ಈಗ ಕೊಟ್ಟವನಿಗೆ ಜಾಸ್ತಿ ಕೊಡುತ್ತೇನೆ ಅಂತ ಮಾತ್ರ ಹೇಳಿತ್ತು. ನೀವು ದಂಡ ಕಟ್ಟಿ ಇಟ್ಟುಕೊಂಡಿರಿ.

ಒಂದು ಸ್ವಾರಸ್ಯ ಇದೆ. ದೂರದ ತಿಂಗಳು ಎಷ್ಟು ಜಾಸ್ತಿ ಇರಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ. ಬಡ್ಡಿ, ಬಾಡಿಗೆ ಕೂಡಿಸಿದ್ದಕ್ಕಿಂತ ಜಾಸ್ತಿ ಆದರೆ ಯಾರೋ ಒಬ್ಬ ಇವತ್ತು ಕೊಂಡು, ಗೋದಾಮಿಗೆ ಹಾಕಿ, ಮುಂದಿನ ತಿಂಗಳಿಗೆ ಮಾರಿ, ಆರಾಮಾಗಿ ಲಾಭ ಎಣಿಸುತ್ತಾನೆ. ಆದರೆ ಹತ್ತಿರದ್ದು ಎಷ್ಟು ದುಬಾರಿ ಆಗಬಹುದು ಅನ್ನುವುದಕ್ಕೆ ಅಂಥ ಮಿತಿ ಇಲ್ಲ. ನವೆಂಬರ್ ಕಾಫಿಯನ್ನು ಮಾರ್ಚ್‌ಗೆ ಎಳೆದು ತರಲು ಯಾರಿಂದಲೂ ಆಗಲ್ಲವಲ್ಲ. ಇನ್ನು ಇಡಲು ಜಾಗವೇ ಇಲ್ಲದಿದ್ದರೆ ಮೊದಲು ಹೇಳಿದ ಮಿತಿಯೂ ಹಾರಿಹೋಗುತ್ತದೆ. 2020ರ ಏಪ್ರಿಲ್ 20 ನೆನಪಿದೆಯಾ? ಲಾಕ್‌ಡೌನ್, ಅಮೆರಿಕದಲ್ಲಿ ಕಚ್ಚಾ ತೈಲ ತುಂಬಿಸಿಡಲು ಟ್ಯಾಂಕ್ ಸಿಗಲಿಲ್ಲ, ಹತ್ತಿರದ ತಿಂಗಳ ಕಾಂಟ್ರಾಕ್ಟು ಸೊನ್ನೆಗಿಂತ ಕೆಳಗೆ 37 ಡಾಲರಿಗೆ ಇಳಿಯಿತು. ನಮ್ಮ ದೇಶದ ಸರಕು ಎಕ್ಸ್‌ಚೇಂಜ್ ಎಂಸಿಎಕ್ಸ್‌ನಲ್ಲಿ ಬ್ಯಾರೆಲ್ಲಿಗೆ ಮೈನಸ್ 2,884 ರೂಪಾಯಿಗೆ ಲೆಕ್ಕ ಮುಗಿಸಿದರು. ಎಣ್ಣೆ ತಗೊಂಡು ಹೋಗಿ, ಜೊತೆಗೆ ದುಡ್ಡೂ ತಗೊಂಡು ಹೋಗಿ ಅನ್ನುವ ಪರಿಸ್ಥಿತಿ.

ಜಯನಗರ_4ನೇಬ್ಲಾಕ್:

ಸಾರಿ, ನಾನು ಕಾಫಿ ಕುಡಿಯುವವನು ಮಾತ್ರ. ಓಟಿ ಅಂದ್ರೆ ಏನು? ಆಸ್ಪತ್ರೆಯದ್ದಂತೂ ಅಲ್ಲ ಅಲ್ವಾ?

ಹಾನುಬಾಳು_ರೊಬಸ್ಟಾ:

ಹಹ್ಹ. ಔಟ್‌ಟರ್ನ್. ಒಣಗಿಸಿದ ಚೆರ್ರಿ 50 ಕೆಜಿ ಹಲ್ಲರ್‌ಗೆ ಹಾಕಿ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೇಳೆ ಬರುತ್ತದೆ ಅನ್ನುವುದು. 26 ಬಂದರೆ 26 ಓಟಿ. ಅದರಿಂದ ರೇಟನ್ನು ಗುಣಿಸಿದರೆ ಚೀಲದ ಬೆಲೆ. ಕಾಯಿಕೊರಕ ಹೊಡೆದಿದ್ದರೆ, ಸರಿಯಾಗಿ ಒಣಗಿಸದೆ ಇದ್ದರೆ ಓಟಿ ಬೀಳುತ್ತದೆ.

ಸೋಮವಾರಪೇಟೆ_ಹಳೇಮನೆ:

ವಯಸ್ಸಿನಲ್ಲಿ ನಾನು ಇಲ್ಲಿ ಎಲ್ಲರಿಗಿಂತ ದೊಡ್ಡವನು ಅಂತ ಕಾಣುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ನಾನು ತೋಟ ನೋಡಿಕೊಳ್ಳಲು ಶುರು ಮಾಡಿದಾಗ ಈ ಲಂಡನ್, ನ್ಯೂಯಾರ್ಕ್ ತಲೆನೋವೇ ಇರಲಿಲ್ಲ. ಎಲ್ಲ ಕಾಫಿಯೂ ಸರ್ಕಾರದ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಮಾಲೂ ಒಟ್ಟು ಸೇರಿಸಿ ಮಾರುವ ಕಡೆಗೆ ಹೋಗಬೇಕು. ಕಂತು ಕಂತಾಗಿ ದುಡ್ಡು ಬರುತ್ತಿತ್ತು, ಕೊನೆಯ ಕಂತು ಬರುವಷ್ಟರಲ್ಲಿ ಯಾವ ವರ್ಷದ ಕಾಫಿ ಅಂತಲೇ ಮರೆತು ಹೋಗಿರುತ್ತಿತ್ತು. ಬೆಲೆ ಆಡುತ್ತಿರಲಿಲ್ಲ, ನಿಜ. ನಮ್ಮ ಕೈಗೆ ಬರುವಷ್ಟರಲ್ಲಿ ಉಸಿರೂ ಇರುತ್ತಿರಲಿಲ್ಲ. 1990ರ ದಶಕದ ಮೊದಲಿಗೆ ಸ್ವಲ್ಪ ಸ್ವಲ್ಪ ಭಾಗ ನಾವೇ ಮಾರಿಕೊಳ್ಳಲು ಬಿಟ್ಟರು, 1996ರ ಹೊತ್ತಿಗೆ ಪೂರ್ತಿ ಬಿಟ್ಟರು.

ಹೀಗೆ ಬಿಡುತ್ತಿರುವಾಗಲೇ 1994 ಬಂತು. ಜೂನ್ ಕೊನೆಯಲ್ಲಿ ಒಂದು, ಜುಲೈನಲ್ಲಿ ಇನ್ನೊಂದು, ಬ್ರೆಜಿಲಿನಲ್ಲಿ ಎರಡು ಫ್ರಾಸ್ಟ್, ಅಂದರೆ ಗಿಡ ಸುಡುವಂಥ ಹಿಮ. ಗಿಡ ಗಿಡವೇ ಸುಟ್ಟುಹೋಯಿತು. ನ್ಯೂಯಾರ್ಕಿನಲ್ಲಿ ವರ್ಷದ ಶುರುವಿನಲ್ಲಿ ಪೌಂಡಿಗೆ ಒಂದು ಡಾಲರೂ ಇಲ್ಲದ ಅರೇಬಿಕಾ ಎರಡೂವರೆ ಡಾಲರ್ ದಾಟಿತು. ಆ ಹೊತ್ತಿಗೆ ಸ್ಟೋರಿನಲ್ಲಿ ಮಾಲು ಇಟ್ಟುಕೊಂಡಿದ್ದವನು ರಾಜ. ನನ್ನ ಸ್ಟೋರಿನಲ್ಲೂ ಇತ್ತು. ಬುದ್ಧಿವಂತಿಕೆಯಿಂದ ಇಟ್ಟಿದ್ದಲ್ಲ, ಲಾರಿ ಸಿಕ್ಕಿರಲಿಲ್ಲ ಅಷ್ಟೇ. ಮನೆಗೆ ಹೆಂಚು ತೆಗೆದು ತಾರಸಿ ಹಾಕಿಸಿದೆ, ಜೀಪು ತಗೊಂಡೆ. 1997ರಲ್ಲಿ ನ್ಯೂಯಾರ್ಕ್ ಮೂರು ಡಾಲರ್ ದಾಟಿದಾಗಲೂ ಇಟ್ಟವನೇ ಗೆದ್ದ.

ಆ ಎರಡು ವರ್ಷ ನಮ್ಮ ಇಡೀ ತಲೆಮಾರಿನ ತಲೆ ಕೆಡಿಸಿತು. ಇಟ್ಟವನಿಗೆ ಲಾಭ ಅನ್ನುವುದು ನಮಗೆ ಮಂತ್ರ ಆಯಿತು. 2001ರಲ್ಲಿ ಲಂಡನ್ 400 ಡಾಲರಿಗಿಂತ ಕೆಳಗೆ ಹೋಯಿತು. ನಾಲ್ಕು ಸಾವಿರ ಅಲ್ಲ, ನಾನೂರು. ಆಗಿನ ಡಾಲರ್ ಲೆಕ್ಕದಲ್ಲಿ ಕೆಜಿ ಬೇಳೆಗೆ 20 ರೂಪಾಯಿಯೂ ಇಲ್ಲ. ಕೊಯ್ಲಿನ ಕೂಲಿ ಹುಟ್ಟುತ್ತಿರಲಿಲ್ಲ. ಎಷ್ಟೋ ತೋಟದಲ್ಲಿ ಹಣ್ಣು ಗಿಡದಲ್ಲೇ ಒಣಗಿತು. ಆಗಲೂ ನಾನು ಎರಡು ವರ್ಷ ಇಟ್ಟೆ. ಜೀಪು ಹೋಯಿತು.

ಹಾನುಬಾಳಿನವರೇ, ನೀವು ರೇಟ್ ಬೋರ್ಡ್ ಓದಲು ಬರದೆ ಇಟ್ಟುಕೊಂಡದ್ದಲ್ಲ. ನಿಮ್ಮಪ್ಪನ ಕಾಲದ ಕಥೆ ಕೇಳಿ ಬೆಳೆದಿದ್ದೀರಿ.

ಬಿಳಿಗಿರಿ_77:

ಇದೆಲ್ಲ ದೊಡ್ಡವರ ಆಟ ಸ್ವಾಮಿ. ನ್ಯೂಯಾರ್ಕಿನಲ್ಲಿ ಎಸಿ ರೂಮಿನಲ್ಲಿ ಕೂತ ಫಂಡ್‌ನವರು ಒಂದು ಬಟನ್ ಒತ್ತುತ್ತಾರೆ, ಇಲ್ಲಿ ನಮ್ಮ ಚೀಲಕ್ಕೆ 500 ಹೋಗುತ್ತದೆ. ಮಳೆ, ಬರ ಎಲ್ಲ ನೆಪ. ಕಾಫಿ ಗಿಡ ಯಾವ ಬಣ್ಣ ಅಂತ ಗೊತ್ತಿಲ್ಲದವರು ಬೆಲೆ ನಿರ್ಧಾರ ಮಾಡುತ್ತಿದ್ದಾರೆ.

ಬಂದರು_ಗುಮಾಸ್ತ:

ಬಿಳಿಗಿರಿಯವರೇ, ಫಂಡ್‌ನವರು ಇದ್ದಾರೆ, ಒಂದೊಂದು ದಿನ ಬೆಲೆಯನ್ನು ಅವರೇ ಎಳೆದಾಡುತ್ತಾರೆ, ಅದನ್ನು ನಾನೇನೂ ಅಲ್ಲಗಳೆಯಲ್ಲ. ಆದರೆ ಸುದ್ದಿಯೇ ಇಲ್ಲದ ದಿನ ಬೆಲೆ ಹಾರುವುದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮಂಥ ಆಫೀಸು ರೈತರಿಂದ ಕಾಫಿ ಕೊಂಡಿರುತ್ತದೆ, ಇನ್ನೂ ಮಾರಿರುವುದಿಲ್ಲ. ಅಷ್ಟರಲ್ಲಿ ಬೆಲೆ ಬಿದ್ದರೆ ಗತಿ ಏನು ಅಂತ ಲಂಡನ್ನಿನಲ್ಲಿ ಅಷ್ಟೇ ಕಾಫಿಯನ್ನು ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ತಿಂಗಳಿಗೆ ಈಗಲೇ ರೇಟ್ ಕಟ್ಟುವ ಒಪ್ಪಂದದಲ್ಲಿ, ಮಾರಿಟ್ಟಿರುತ್ತೇವೆ. ಬೆಲೆ ಬಿದ್ದರೆ ಮಾಲಿನಲ್ಲಿ ನಷ್ಟ, ಫ್ಯೂಚರ್ಸ್‌ನಲ್ಲಿ ಲಾಭ, ಎರಡೂ ಸರಿಹೋಗುತ್ತದೆ. ಏರಿದರೂ ಸರಿಹೋಗಬೇಕು, ಕಾಗದದ ಮೇಲೆ. ತೊಂದರೆ ಏನೆಂದರೆ ಫ್ಯೂಚರ್ಸ್‌ನ ನಷ್ಟವನ್ನು ಅವತ್ತವತ್ತೇ ನಗದಾಗಿ ಕಟ್ಟಬೇಕು. ಮಾಲಿನ ಲಾಭ ಬರುವುದು ಮಾಲು ಹಡಗು ಹತ್ತಿ, ಆ ಕಡೆಯವನು ದುಡ್ಡು ಕಳಿಸಿದ ಮೇಲೆ. ನಡುವೆ ಎರಡು ಮೂರು ತಿಂಗಳು.

2024ರ ಕೊನೆಯಲ್ಲಿ ಅರೇಬಿಕಾ 1977ರ ದಾಖಲೆ ಮುರಿಯಿತಲ್ಲ, ಆ ದಿನಗಳಲ್ಲಿ ಪ್ರಪಂಚದ ಎಷ್ಟೋ ವ್ಯಾಪಾರಿಗಳಿಗೆ ದಿನಾ ಬೆಳಿಗ್ಗೆ ಬ್ರೋಕರ್ ಫೋನ್: ಇಷ್ಟು ಕಟ್ಟಿ, ಇಲ್ಲ ಅಂದರೆ ನಿಮ್ಮ ಪೊಸಿಷನ್ ಮುಚ್ಚುತ್ತೇವೆ. ಗೋದಾಮಿನ ತುಂಬ ಕಾಫಿ, ಬ್ಯಾಂಕಿನಲ್ಲಿ ಕಾಸಿಲ್ಲ. ಕಟ್ಟಲಾಗದವನು ತಾನು ಮಾರಿಟ್ಟಿದ್ದನ್ನು ವಾಪಸ್ ಕೊಳ್ಳಬೇಕು. ಹಾಗೆ ಎಲ್ಲರೂ ಕೊಳ್ಳಲು ನುಗ್ಗಿದಾಗ ಬೆಲೆ ಇನ್ನೂ ಏರುತ್ತದೆ, ಏರಿದ್ದಕ್ಕೆ ಇನ್ನೊಬ್ಬನಿಗೆ ಫೋನ್ ಬರುತ್ತದೆ. ಅವತ್ತು ಬ್ರೆಜಿಲಿನಲ್ಲಿ ಆಕಾಶ ಸ್ವಚ್ಛವಾಗಿರುತ್ತದೆ.

ಇನ್ನು ಸುದ್ದಿ ಇದ್ದ ದಿನವೂ ಅಷ್ಟೇ, ನೋಡಬೇಕಾದ್ದು ಸುದ್ದಿಯನ್ನಲ್ಲ, ಜನ ಏನು ನಿರೀಕ್ಷೆ ಮಾಡಿದ್ದರು ಅನ್ನುವುದನ್ನು. ಬ್ರೆಜಿಲಿನ ಕೊನಾಬ್ ಅನ್ನುವ ಸರ್ಕಾರಿ ಸಂಸ್ಥೆ ವರ್ಷಕ್ಕೆ ಕೆಲವು ಸಲ ಬೆಳೆ ಅಂದಾಜು ಬಿಡುಗಡೆ ಮಾಡುತ್ತದೆ. ಬೆಳೆ ಜಾಸ್ತಿ ಅಂತ ಅಂದಾಜು ಬಂದ ದಿನವೇ ಬೆಲೆ ಏರಿದ್ದನ್ನು ನೋಡಿದ್ದೇನೆ. ಜನ ಅದಕ್ಕಿಂತಲೂ ಜಾಸ್ತಿ ಅಂದುಕೊಂಡಿದ್ದರು, ಅಷ್ಟೇ. ಪೇಪರಿನಲ್ಲಿ ಓದಿ ಮಾರಲು ಹೊರಡುವ ಹೊತ್ತಿಗೆ ಆ ಸುದ್ದಿ ಬೆಲೆಯೊಳಗೆ ಹೋಗಿ ಕೂತಿರುತ್ತದೆ.

ಥೀಟಾ_ಮೂಡಿಗೆರೆ:

ಪುಟ್ ಪ್ರಶ್ನೆಗೆ ಬರುತ್ತೇನೆ. ಊರು ಮೂಡಿಗೆರೆ, ಇರುವುದು ಬೆಂಗಳೂರು, ಆಪ್ಷನ್‌ನಲ್ಲಿ ಕೈ ಸುಟ್ಟುಕೊಂಡು ಕಲಿತವನು. ಅಣ್ಣ, ನಿಮ್ಮ ಅಕ್ಕನ ಮಗ ಅರ್ಧ ಸರಿ.

ಫ್ಯೂಚರ್ಸ್ ಬೆಲೆ ಒಂದು ನಂಬರ್ ಹೇಳುತ್ತದೆ. ಆಪ್ಷನ್ ಬೆಲೆ ಆ ನಂಬರಿನ ಸುತ್ತ ಜನಕ್ಕೆ ಎಷ್ಟು ಭಯ ಇದೆ ಅನ್ನುವುದನ್ನು ಹೇಳುತ್ತದೆ. ಯಾವ ಕಡೆ ಹೋಗುತ್ತೆ ಅಂತ ಹೇಳಲ್ಲ, ಎಷ್ಟು ದೂರ ಹೋಗಬಹುದು ಅಂತ ಹೇಳುತ್ತದೆ. ಅದನ್ನೇ ಇಂಪ್ಲೈಡ್ ವೊಲಟಿಲಿಟಿ ಅನ್ನುವುದು. ಆಪ್ಷನ್ ಏನು ಬೆಲೆಗೆ ಮಾರಾಟ ಆಗುತ್ತಿದೆಯೋ ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸಿಗುತ್ತದೆ.

ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ: ಲಂಡನ್ 4,000, ವೊಲಟಿಲಿಟಿ ವರ್ಷಕ್ಕೆ ಶೇ 45. ನಿಮಗೆ ಬೇಕಾದ್ದು ಮೂರು ತಿಂಗಳು, ಅಂದರೆ ವರ್ಷದ ಕಾಲು ಭಾಗ. ವರ್ಷದ ವೊಲಟಿಲಿಟಿಯನ್ನು ಅವಧಿಯ ವರ್ಗಮೂಲದಿಂದ ಗುಣಿಸುವುದು ಲೆಕ್ಕ; ಕಾಲರ ವರ್ಗಮೂಲ ಅರ್ಧ. 45ರ ಅರ್ಧ ಇಪ್ಪತ್ತೆರಡೂವರೆ, 4,000ಕ್ಕೆ ಅದು 900 ಡಾಲರ್. ಅಂದರೆ ಮೂರು ತಿಂಗಳಲ್ಲಿ ಬೆಲೆ 3,100ರಿಂದ 4,900ರ ಒಳಗೆ ಇರುವುದಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಅವಕಾಶ ಅಂತ ಮಾರ್ಕೆಟ್ ಅಂದುಕೊಂಡಿದೆ. ಮೂರರಲ್ಲಿ ಒಂದು ಪಾಲು ಅದರ ಆಚೆ. ಟೀ ಅಂಗಡಿಯಲ್ಲಿ "ಆಗೇ ಆಗುತ್ತದೆ" ಅನ್ನುವವರ ಮಾತಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಲಕ್ಷಾಂತರ ಡಾಲರ್ ಹಾಕಿ ಕೂತವರೇ 1,800 ಡಾಲರ್ ಅಗಲದ ಗೆರೆ ಎಳೆದು, ಅದರ ಆಚೆ ಹೋದರೂ ಹೋಗಬಹುದು ಅನ್ನುತ್ತಿದ್ದಾರೆ.

ಈಗ ಇನ್ಶೂರೆನ್ಸ್ ರೇಟ್. 4,000ಕ್ಕೆ ಮಾರುವ ಹಕ್ಕು ಮೂರು ತಿಂಗಳಿಗೆ ಬೇಕಾದರೆ ಆ 900ರಲ್ಲಿ ಸುಮಾರು ಶೇ 40, ಅಂದರೆ 360 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ ಕೆಜಿ ಬೇಳೆಗೆ 32 ರೂಪಾಯಿ ಚಿಲ್ಲರೆ. 26 ಓಟಿ ಚೀಲಕ್ಕೆ 840 ರೂಪಾಯಿ. ಚೀಲದ ಬೆಲೆ 9,360 ಆಗಿರುವಾಗ 840 ಕೊಟ್ಟು ಮೂರು ತಿಂಗಳು ನಿದ್ದೆ ಕೊಳ್ಳುತ್ತೀರಾ? ಕೊಳ್ಳಬಹುದು, ಆದರೆ ಪುಕ್ಕಟೆ ಅಲ್ಲ ಅಂತ ಅಕ್ಕನ ಮಗನಿಗೆ ಹೇಳಿ.

ಆಮೇಲೆ ಇದು ಯಾವಾಗ ಬೇಕು ಅನ್ನಿಸುತ್ತದೋ ಆಗಲೇ ದುಬಾರಿ. ಬ್ರೆಜಿಲಿನಲ್ಲಿ ಚಳಿಗಾಲ ಜೂನ್‌ನಿಂದ ಆಗಸ್ಟ್. ಆ ಫ್ರಾಸ್ಟ್ ಭಯಕ್ಕೆ ಅದಕ್ಕಿಂತ ಮುಂಚೆಯೇ ಅರೇಬಿಕಾ ಆಪ್ಷನ್ ಉಬ್ಬಿರುತ್ತದೆ. ಫ್ರಾಸ್ಟ್ ಬೀಳದೆ ಆಗಸ್ಟ್ ಕಳೆದರೆ, ಕಾಫಿ ಬೆಲೆ ಅಲುಗಾಡದೆ ಇದ್ದರೂ ಆಪ್ಷನ್ ಗಾಳಿ ಹೋದ ಬಲೂನ್. ನಾನು ಇದನ್ನು ಕಲಿತದ್ದು ಕಾಫಿಯಲ್ಲಲ್ಲ, 2024ರ ಲೋಕಸಭೆ ಫಲಿತಾಂಶದಲ್ಲಿ. ಜೂನ್ 3ಕ್ಕೆ ಎಕ್ಸಿಟ್ ಪೋಲ್ ನಂಬಿ ನಿಫ್ಟಿ 23,263ಕ್ಕೆ ಹಾರಿತು. ಜೂನ್ 4ಕ್ಕೆ ಎಣಿಕೆ ಶುರುವಾಗಿ 21,884ಕ್ಕೆ ಬಿತ್ತು, ಶೇ 6ರ ಹತ್ತಿರ. ಷೇರು ಮಾರ್ಕೆಟ್ಟಿನ ಭಯ ಅಳೆಯುವ ಇಂಡಿಯಾ ವಿಕ್ಸ್ ಅವತ್ತು 26 ದಾಟಿ ನಿಂತಿತ್ತು. ಇನ್ನೂ ಬೀಳುತ್ತೆ ಅಂತ ಸಂಜೆ ಹೊತ್ತಿಗೆ ಪುಟ್ ತಗೊಂಡೆ, ಆ ದಿನದ ಅತಿ ದುಬಾರಿ ಭಯವನ್ನು ಕೊಂಡ ಹಾಗೆ. ಮಾರನೆ ದಿನ ನಿಫ್ಟಿ ಶೇ 3ಕ್ಕಿಂತ ಜಾಸ್ತಿ ಏರಿತು, ವಿಕ್ಸ್ 19ಕ್ಕಿಂತ ಕೆಳಗೆ ಕುಸಿಯಿತು. ಎರಡೂ ಕಡೆಯಿಂದ ಏಟು. ಸ್ಕ್ರೀನ್ ನೋಡುತ್ತಾ ಆಫೀಸಿನ ಕ್ಯಾಂಟೀನ್ ದೋಸೆ ಹಾಗೇ ಬಿಟ್ಟು ಬಂದೆ. ಷೇರು ಮಾರ್ಕೆಟ್ ನಿಯಂತ್ರಿಸುವ ಸೆಬಿ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೇಳಿತಲ್ಲ, ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್) ಆಡುವ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ ಅಂತ. ಆ 93ರಲ್ಲಿ ನಾನೊಬ್ಬ.

ಕೊನೆಗೆ ಅಸಲಿ ವಿಷಯ: ನಿಮಗೆ ಅದು ಸಿಗುವುದೇ ಇಲ್ಲ. ಲಂಡನ್ ರೊಬಸ್ಟಾ ಒಂದು ಲಾಟ್ ಅಂದರೆ 10 ಟನ್ ಬೇಳೆ. ನಿಮ್ಮ ಲೆಕ್ಕದಲ್ಲಿ 385 ಚೀಲ ಚೆರ್ರಿ. ನಿಮ್ಮ ಇಡೀ ಬೆಳೆ 120. ಅದು ಬಿಡಿ, ಜನ ಹೊರದೇಶಕ್ಕೆ ದುಡ್ಡು ಕಳಿಸುವುದಕ್ಕಿರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಲ್ಲಿ ಹೊರದೇಶದ ಎಕ್ಸ್‌ಚೇಂಜಿಗೆ ಮಾರ್ಜಿನ್, ಅಂದರೆ ಠೇವಣಿ ದುಡ್ಡು ಕಳಿಸುವಂತಿಲ್ಲ. ರಫ್ತು ಮಾಡುವ ಕಂಪನಿಗಳಿಗೆ ಬ್ಯಾಂಕ್ ಮೂಲಕ ಹೊರಗೆ ಹೆಡ್ಜ್ ಮಾಡುವ, ಅಂದರೆ ಬೆಲೆ ಅಪಾಯದಿಂದ ತಪ್ಪಿಸಿಕೊಳ್ಳುವ ದಾರಿ ಬೇರೆ ಇದೆ. ಯಾರಾದರೂ ಆ್ಯಪ್ ತೋರಿಸಿ "ಲಂಡನ್ ಕಾಫಿ ಟ್ರೇಡ್ ಮಾಡಿ" ಅಂದರೆ ಆ ಕಡೆ ತಿರುಗಿಯೂ ನೋಡಬೇಡಿ.

ಸೋಮವಾರಪೇಟೆ_ಹಳೇಮನೆ:

ಕಾಫಿ ಫ್ಯೂಚರ್ಸ್‌ಗೆ ಅಂತಲೇ ಬೆಂಗಳೂರಿನಲ್ಲಿ ಒಂದು ಎಕ್ಸ್‌ಚೇಂಜ್ ಇತ್ತು, 1990ರ ದಶಕದ ಕೊನೆಯಲ್ಲಿ ಶುರು ಮಾಡಿದ್ದರು. ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ, ನೆಲೆ ನಿಲ್ಲಲಿಲ್ಲ. ಅದು ಬೆಳೆದಿದ್ದರೆ ರೂಪಾಯಿಯಲ್ಲಿ, ನಮ್ಮ ಅಳತೆಯ ಲಾಟಿನಲ್ಲಿ ಇವತ್ತು ಏನಾದರೂ ಇರುತ್ತಿತ್ತೋ ಏನೋ. ತಪ್ಪು ನಮ್ಮದೂ ಇದೆ. 1997ರ ರೇಟ್ ನೋಡಿದವರಿಗೆ ಬೆಲೆ ಬೀಳುವುದರ ವಿರುದ್ಧ ಇನ್ಶೂರೆನ್ಸ್ ಯಾಕೆ ಬೇಕು?

ಹಾನುಬಾಳು_ರೊಬಸ್ಟಾ:

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. "ಇಟ್ಟುಕೊಂಡವನಿಗೆ ದಂಡ" ಅನ್ನುವುದು ಈಗ ತಲೆಗೆ ಹೋಯಿತು. ರಾತ್ರಿ ಕೂತು ಲೆಕ್ಕ ಹಾಕಿದೆ: ಚೀಲಕ್ಕೆ 3,940 ಹೋಯಿತು, 70 ಚೀಲಕ್ಕೆ 2,75,800. ಇದರಲ್ಲಿ ಓಟಿ ಬಿದ್ದದ್ದಕ್ಕೇ 21,000. ಬೆಲೆ ಬಿದ್ದದ್ದು ನನ್ನ ಕೈಲಿರಲಿಲ್ಲ, ಈ 21,000 ನನ್ನದೇ ಸೋಮಾರಿತನ. ಸ್ಟೋರಿನ ನೆಲಕ್ಕೆ ಹಲಗೆ ಹಾಕಿಸಿರಲಿಲ್ಲ, ಚೀಲ ಸಿಮೆಂಟಿನ ಮೇಲೇ ಇತ್ತು.

ಹಳೇಮನೆಯವರೇ, ಜೀಪು ಹೋಯಿತು ಅಂದಿರಲ್ಲ, ನಮ್ಮಪ್ಪನಿಗೆ ಓದಿ ಹೇಳಿದೆ. ನಕ್ಕರು. ನಮ್ಮದು ಟ್ರ್ಯಾಕ್ಟರ್ ಹೋಗಿತ್ತಂತೆ, ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ಈ ಸಲ ಬೇರೆ ಲೆಕ್ಕ. ಮಾರ್ಚ್ ಒಳಗೆ ಸೊಸೈಟಿ ಸಾಲ, ಕೂಲಿ, ಗೊಬ್ಬರ ಎಲ್ಲ ಸೇರಿ ಬೇಕಾಗುವಷ್ಟಕ್ಕೆ ಕಣದಿಂದಲೇ ಕೊಡುತ್ತೇನೆ, ರೇಟ್ ಏನೇ ಇರಲಿ. ಮಗಳ ಫೀಸಿಗೆ ಬೇಕಾದ್ದನ್ನೂ ಈಗಲೇ ಮಾರಿ ಬ್ಯಾಂಕಿಗೆ ಹಾಕುತ್ತೇನೆ. ಹೋದ ಸಲ ಸೋತದ್ದು ಅಲ್ಲೇ ಅಲ್ವಾ, ಫೀಸು ಕಟ್ಟುವ ತಾರೀಕೇ ನನ್ನ ಮಾರುವ ತಾರೀಕಾಯಿತು. ಉಳಿಯುವುದು 30 ಚೀಲ ಇರಬಹುದು. ಅದನ್ನು ಇಡುತ್ತೇನೆ, ಆಡುತ್ತಿದ್ದೇನೆ ಅಂತ ಗೊತ್ತಿದ್ದೇ ಇಡುತ್ತೇನೆ.

ಒಂದೇ ಅನುಮಾನ. ನಮ್ಮ ವ್ಯಾಪಾರಿ "30 ಚೀಲ ನನ್ನ ಗೋದಾಮಿನಲ್ಲೇ ಬಿಡು, ಬಾಡಿಗೆ ಬೇಡ, ನಿನಗೆ ಬೇಕಾದ ದಿನದ ರೇಟಿಗೆ ಫಿಕ್ಸ್ ಮಾಡೋಣ" ಅನ್ನುತ್ತಾನೆ. ಬಾಡಿಗೆಯೂ ಇಲ್ಲ, ಹಲಗೆಯೂ ಬೇಡ. ಒಪ್ಪಿಕೊಳ್ಳಲಾ?

ಬಂದರು_ಗುಮಾಸ್ತ:

ಆ ಕಾಫಿ ಅವನ ಗೋದಾಮಿನಲ್ಲಿ ನಿಮಗಾಗಿ ಕಾಯುತ್ತಾ ಕೂತಿರುವುದಿಲ್ಲ. ಮುಂದಿನ ವಾರವೇ ಲಾರಿ ಹತ್ತಿರುತ್ತದೆ. ಹತ್ತಿರದ ತಿಂಗಳ ಜಾಸ್ತಿ ರೇಟ್ ಅವನಿಗೆ, ಮುಂದೆ ಯಾವತ್ತೋ ಒಂದು ದಿನದ ರೇಟ್ ನಿಮಗೆ. ಮೆಟ್ಟಿಲು ಕೆಳಮುಖ ಇದ್ದಾಗ ಬಾಡಿಗೆ ಬೇಡ ಅನ್ನುವುದು ಅದಕ್ಕೇ. ಅವನು ಲಂಡನ್ನಿನಲ್ಲಿ ಅಷ್ಟು ಕಾಫಿಯನ್ನು ಕೊಂಡಿಟ್ಟುಕೊಂಡರೆ ಬಚಾವು. ಕೊಂಡಿಡದೆ ಸುಮ್ಮನಿದ್ದು ಬೆಲೆ ಏರಿದರೆ ನಿಮಗೆ ಕೊಡಲು ಅವನ ಹತ್ತಿರ ದುಡ್ಡಿರಲ್ಲ. ಅಂದರೆ ನಿಮಗೆ ಲಾಭ ಬರಬೇಕಾದ ದಿನವೇ ಅವನು ಫೋನ್ ಎತ್ತುವುದಿಲ್ಲ. ನಮ್ಮ ಕಡೆ ಹೀಗೆ ಮುಳುಗಿದವರ ಕಥೆ ಪ್ರತಿ ತಾಲ್ಲೂಕಿನಲ್ಲೂ ಒಂದೊಂದು ಸಿಗುತ್ತದೆ.

ಇಡಲೇಬೇಕು ಅಂದರೆ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಿಮ್ಮ ಹೆಸರಿಗೆ ರಸೀದಿ ಮಾಡಿಸಿ ಇಡಿ, ಬಾಡಿಗೆ ಕೊಡಿ. ಬೇಕಾದರೆ ಆ ರಸೀದಿ ಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಬಹುದು. ಇಲ್ಲ ಅಂದರೆ ಮನೆಯಲ್ಲೇ ಇಡಿ. 30 ಚೀಲಕ್ಕೆ ಎಷ್ಟು ಹಲಗೆ ಬೇಕು ಮಹಾ? ಚೀಲ ಗೋಡೆಗೆ ತಾಗದ ಹಾಗೆ ಒಂದು ಅಡಿ ಬಿಟ್ಟು ಜೋಡಿಸಿ.

ಹಾನುಬಾಳು_ರೊಬಸ್ಟಾ:

ಹಲಗೆಗೆ ಸಿಲ್ವರ್ ಓಕ್ ಮರ ಬಿದ್ದದ್ದೇ ಒಂದಿದೆ. ನಾಳೆ ಮಿಲ್ಲಿಗೆ ಹಾಕುತ್ತೇನೆ.